ಶುಕ್ರವಾರದ ಹೂಜಿ

"ನಗಪ್ಪಾ ಎರ್ನಿ, ಸ್ವಲ್ಪ ನಗು. ಫೋಟೋದಲ್ಲಿ ಹೆಣ ಇದ್ದಂಗೆ ಕಾಣ್ತೀಯ."

ಅಕ್ಟೋಬರ್ ತಿಂಗಳು. ಹೊಸ ಬಾರ್ಲಿಯ ಲಾರಿಗಳು ಬಿಯರ್ ಭಟ್ಟಿಯ ಅಂಗಳದಲ್ಲಿ ಸಾಲುಗಟ್ಟಬೇಕಾದ ಕಾಲ. ಈ ಸಲ ಒಂದೂ ಬಂದಿರಲಿಲ್ಲ. ಎರ್ನಿ ಗಾರ್ಬೆಟ್ ದೊಡ್ಡ ಕೊಪ್ಪರಿಗೆಯೊಳಗೆ ಮೊಣಕಾಲುದ್ದ ಬಿಸಿ ಚರಟದಲ್ಲಿ ನಿಂತು, ಬೆಂದ ಕಾಳನ್ನು ಮರದ ಸಲಿಕೆಯಿಂದ ಎತ್ತಿ ಹೊರಗೆ ಹಾಕುತ್ತಿದ್ದ. ಮೂವತ್ತೆಂಟು ವರ್ಷದ ಕೆಲಸ. ಇವತ್ತು ಕೊನೆ.

ಅಂಚಿಗೆ ಒರಗಿ ನಿಂತು ನಗು ಅಂದವನು ಧಣಿ ರೂಪರ್ಟ್ ಲ್ಯಾಂಗ್‌ರಿಜ್. ಬಿಯರ್ ಅವನಿಗೆ ಸೇರುತ್ತಿರಲಿಲ್ಲ, ವೈನ್ ಕುಡಿಯುವವನು. ಆರು ತಲೆಮಾರಿನ ಭಟ್ಟಿಯನ್ನು ಲಂಡನ್ನಿನ ಕಂಪನಿಗೆ ಮಾರಿದ್ದ. ಕಟ್ಟಡದಲ್ಲಿ ಫ್ಲಾಟು ಬರುತ್ತವಂತೆ. ಫೋಟೋ ಅವುಗಳ ಜಾಹೀರಾತಿಗೆ.

"ಅಂಗಿ ಬಿಚ್ಸಿ," ಅಂದ ಫೋಟೋದವನು. "ಬೆವರು ಕಾಣ್ಲಿ."

"ಬಿಚ್ಚಪ್ಪಾ. ನಿನ್ ಮೈ ನೋಡೋಕೆ ಯಾರು ಕಾಯ್ತಿದಾರೆ," ಅಂದ ಧಣಿ.

ಎರ್ನಿ ಬಿಚ್ಚಿದ. ಪ್ಯಾಂಟು, ಸೊಂಟದ ಏಪ್ರನ್ ಮಾತ್ರ ಉಳಿದವು.

ಇಳಿದು ಬಂದಾಗ ಪೀಪಾಯಿ ತೊಳೆಯುತ್ತಿದ್ದ ಮಾರ್ಜ್ ಉಗಿದಳು. "ಥೂ. ಸರ್ಕಸ್ ಕರಡಿ ಆದ್ಯಲ್ಲೋ ಮುದ್ಯಾ."

"ಕರಡಿಗಾದ್ರೂ ಊಟ ಹಾಕ್ತಾರೆ ಕಣೇ."

"ಹೆಪ್ಪನ್ನೂ ಮಾರವ್ನಂತೆ, ಬೋಳಿಮಗ."

ಹೆಪ್ಪೆಂದರೆ ಯೀಸ್ಟು. ಪ್ರತಿ ವಾರ ಹುದುಗುವ ಬಿಯರಿನ ಮೇಲಿಂದ ಅದನ್ನು ಕೆನೆಯಂತೆ ತೆಗೆದು ಮುಂದಿನ ವಾರಕ್ಕೆ ಉಳಿಸಬೇಕು. ಎರ್ನಿಯ ಅಜ್ಜ ಉಳಿಸಿದ್ದ, ಅಪ್ಪ ಉಳಿಸಿದ್ದ. ಯುದ್ಧದಲ್ಲಿ ಊರಿಗೆ ಬಾಂಬು ಬಿದ್ದ ವಾರ ಅಜ್ಜ ಅದನ್ನು ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದ್ದನಂತೆ. ಬಿಯರಿನ ರುಚಿಯೆಲ್ಲ ಅದರದ್ದೇ. ಕಂಪನಿಗೆ ಆಳುಗಳು ಬೇಡ. ಹೆಸರು, ಹೆಪ್ಪು ಸಾಕು. ಇನ್ನಾವುದೋ ಊರಿನ ಕಾರ್ಖಾನೆಯಲ್ಲಿ ಅದೇ ಬಿಯರ್ ಇಳಿಸುತ್ತಾರೆ.

ಹಿಂದೆ ಬೀದಿಯ ಹೆಂಗಸರು ಬ್ರೆಡ್ಡು ಮಾಡಲು ಶುಕ್ರವಾರ ಹಿತ್ತಲ ಬಾಗಿಲಲ್ಲಿ ಒಂದೊಂದು ಹೂಜಿ ಹೆಪ್ಪು ಒಯ್ಯುವ ರೂಢಿಯಿತ್ತು. ರೂಪರ್ಟನ ಅಪ್ಪ ಧಣಿಯಾದ ವಾರವೇ ಅದು ಕಳ್ಳತನ ಎನಿಸಿಕೊಂಡಿತು. ಆ ಧಣಿ ಎರ್ನಿಯ ತಾಯಿಯ ಹೂಜಿ ಕಸಿದು ಅಂಗಳಕ್ಕೆ ಸುರಿದು, "ನಿನ್ನ ಏಪ್ರನ್ನಲ್ಲೇ ಒರೆಸು" ಎಂದಿದ್ದ. ಅವಳು ಮಂಡಿಯೂರಿ ಒರೆಸಿದ್ದಳು. ಎರ್ನಿಯ ಅಪ್ಪ ಟೋಪಿ ಕೈಯಲ್ಲಿ ಹಿಡಿದು ಪಕ್ಕದಲ್ಲೇ ನಿಂತಿದ್ದ.

ಇವತ್ತೂ ಶುಕ್ರವಾರ. ಎರ್ನಿ ಬೆಳಿಗ್ಗೆ ಮನೆಯಿಂದ ತಾಯಿಯ ಅದೇ ಹೂಜಿ ತಂದಿದ್ದ. ಹೆಪ್ಪಿನ ತೊಟ್ಟಿಯಿಂದ ಅದನ್ನು ತುಂಬಿ ಮಾರ್ಜಳ ಕೈಗಿಟ್ಟ.

"ಮುಂದಿನ ಬಾಗ್ಲಿಂದ್ಲೇ ಹೋಗು. ಬಚ್ಚಿಡ್ಬೇಡ."

ಅವಳು ಅಂಗಳ ದಾಟುವವರೆಗೆ ನೋಡಿದ. ಆಮೇಲೆ ಪೀಪಾಯಿ ತೊಳೆಯುವ ಕುದಿನೀರಿನ ಪೈಪನ್ನು ತೊಟ್ಟಿಗೆ ಬಿಟ್ಟ. ಹೆಪ್ಪು ಬುಸುಗುಟ್ಟಿ ಎದ್ದಿತು, ಬೆಂದ ಹಿಟ್ಟಿನ ವಾಸನೆ ಬಂತು, ಮೆಲ್ಲಗೆ ಸತ್ತು ಕುಸಿಯಿತು.

ಧಣಿ ಕಂಪನಿಯವನನ್ನು ಕರೆದುಕೊಂಡು ಬಂದಾಗ, ಹೆಪ್ಪು ಒಯ್ಯಲು ಆ ಕಂಪನಿಯವನ ಕೈಯಲ್ಲಿ ಎರಡು ಸ್ಟೀಲ್ ಕ್ಯಾನುಗಳಿದ್ದವು. ಎರ್ನಿ ತೊಟ್ಟಿಯ ತಳದ ಬಿರಡೆ ಎಳೆದ. ಬೂದುಬಣ್ಣದ ಗಂಜಿ ನೆಲದುದ್ದಕ್ಕೂ ಹರಿದು ಧಣಿಯ ಬೂಟು ಮುಟ್ಟಿತು.

"ಏನೋ ಮಾಡ್ದೆ, ನಾಯಿ," ಧಣಿ ಕಿರುಚಿದ. "ಬೇರೆಲ್ಲೂ ಇಲ್ಲ ಕಣೋ ಅದು."

"ಗೊತ್ತು."

ಎರ್ನಿ ಏಪ್ರನ್ನಿನ ಗಂಟು ಬಿಚ್ಚಿದ. ಬೆರಳು ಊದಿದ್ದರಿಂದ ತುಸು ಹೊತ್ತು ಹಿಡಿಯಿತು. ಇಬ್ಬರೂ ಕಾದು ನಿಂತರು. ಎರ್ನಿ ಅದನ್ನು ಧಣಿಯ ಬೂಟಿನ ಮುಂದೆ ಹಾಸಿದ.

"ಒರೆಸು, ರೂಪರ್ಟ್."