ಹೊಂದಿಕೆಯಾಗದ ಫೋನು

"ಇದನ್ನ ಈಗ ತಗೊಳ್ಳೋದು ದಡ್ಡತನ ಅಕ್ಕಾ" ಎಂದ ಮೊಬೈಲ್ ರಿಪೇರಿಯವನು. ತನ್ನ ಸಾಮಾನನ್ನು ತಾನೇ ಬೈಯುವ ವ್ಯಾಪಾರಿಯನ್ನು ನಾನು ಕಂಡದ್ದು ಅದೇ ಮೊದಲು.

ಅವನ ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವಿನ ಒಂದು ಸಂದಿ, ಅದಕ್ಕೊಂದು ಶಟರು. ಗಾಜಿನ ಪೆಟ್ಟಿಗೆಯೊಳಗೆ ಹಳೇ ಫೋನುಗಳನ್ನು ಸಾಲಾಗಿ ಮಲಗಿಸಿದ್ದ. ನಾನು ಬೆರಳು ತೋರಿಸಿದ್ದು ನನ್ನ ಫೋನಿನದೇ ಕಂಪನಿಯ, ಎಷ್ಟೋ ವರ್ಷ ಹಿಂದಿನ ಮಾಡೆಲ್ಲಿಗೆ. ಅಕ್ಕತಂಗಿಯರ ಹಾಗೆ ಎರಡಕ್ಕೂ ಒಂದೇ ಮುಖ. ನನ್ನ ಫೋನಿನ ಕವರು ಬಿಚ್ಚಿ ಅದಕ್ಕೆ ತೊಡಿಸಿ ನೋಡಿದೆ. ಹೇಳಿ ಹೊಲಿಸಿದ ಹಾಗೆ ಕೂತಿತು.

"ಯಾಕಪ್ಪ, ಏನಾಗಿದೆ ಇದಕ್ಕೆ?"

"ಏನೂ ಆಗಿಲ್ಲ, ವಯಸ್ಸಾಗಿದೆ ಅಷ್ಟೆ. ಕಂಪನಿಯವರು ಕೈಬಿಟ್ಟಿದ್ದಾರೆ, ಅಪ್‌ಡೇಟ್ ಬರಲ್ಲ. ಬ್ಯಾಂಕಿನ ಆ್ಯಪ್ ಕೂರಲ್ಲ. ಬ್ಯಾಟರಿ ಊಟದ ಹೊತ್ತಿಗೇ ಮಲಗಿಬಿಡುತ್ತೆ. ಮಾತಾಡಬಹುದು, ಫೋಟೋ ನೋಡಬಹುದು. ಅದಕ್ಕಿಂತ ಹೆಚ್ಚು ಆಸೆ ಪಡಬಾರದು."

"ಮನೆಯವರು ಯಾರು ಎಲ್ಲಿದ್ದಾರೆ ಅಂತ ಮ್ಯಾಪಲ್ಲಿ ತೋರಿಸುತ್ತಲ್ಲ, ಆ ಆ್ಯಪು?"

"ಅದಂತೂ ಬರೋದೇ ಇಲ್ಲ." ನಾನು ನಂಬಲಿಲ್ಲ ಎಂದುಕೊಂಡನೋ ಏನೋ, ಅಲ್ಲೇ ಹಾಕಲು ನೋಡಿದ. ಚಕ್ರ ಸ್ವಲ್ಪ ಹೊತ್ತು ತಿರುಗಿತು. ಆಮೇಲೆ ಪರದೆಯ ಮೇಲೆ ಬಂತು: ‘ಈ ಫೋನಿಗೆ ಹೊಂದಿಕೆಯಾಗುವುದಿಲ್ಲ.’ "ನೋಡಿದ್ರಾ?"

"ನೋಡಿದೆ. ಕೊಡು" ಎಂದೆ.

ಈ ಹೆಂಗಸಿಗೆ ತಲೆ ಕೆಟ್ಟಿದೆ ಎನ್ನುವಂತೆ ನೋಡಿ, ಒಂದು ಹಳೇ ಚಾರ್ಜರನ್ನು ಕನಿಕರಕ್ಕೆ ಸೇರಿಸಿ ಕೊಟ್ಟ.

ನನ್ನ ಗಂಡ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಟ್ಟವರಾಗಿದ್ದರೆ ನನಗೆ ಇಷ್ಟು ಕಷ್ಟವಿರುತ್ತಿರಲಿಲ್ಲ. ಸರಕು ಸಾಗಿಸುವ ಕಂಪನಿಯೊಂದರ ಕಂಟ್ರೋಲ್ ರೂಮಿನಲ್ಲಿ ಅವರಿಗೆ ಕೆಲಸ. ಗೋಡೆಯಷ್ಟು ದೊಡ್ಡ ಪರದೆ, ಅದರ ಮೇಲೆ ಊರಿನ ನಕ್ಷೆ, ನಕ್ಷೆಯ ಮೇಲೆ ಕಂಪನಿಯ ವ್ಯಾನುಗಳೆಲ್ಲ ಹಸಿರು ಚುಕ್ಕಿಗಳು. ಯಾವ ಚುಕ್ಕಿ ನಿಂತಿತು, ಯಾಕೆ ನಿಂತಿತು, ಯಾವುದು ದಾರಿ ತಪ್ಪಿತು ಎಂದು ದಿನವೆಲ್ಲ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂರುವುದು, ಡ್ರೈವರುಗಳಿಗೆ ಫೋನು ಮಾಡಿ "ತಿರುಗಿ ಬಾ", "ಎಡಕ್ಕೆ ಹೋಗು" ಎನ್ನುವುದು. ಒಮ್ಮೆ ಮಾರುಕಟ್ಟೆಯ ಗದ್ದಲದಲ್ಲಿ ನಾನು ತಲೆ ಸುತ್ತಿ ಬಿದ್ದೆ. ಯಾರೋ ಪುಣ್ಯಾತ್ಮರು ಆಸ್ಪತ್ರೆಗೆ ಸೇರಿಸಿದರು. ಚೀಲ ಕಳೆದಿತ್ತು, ಫೋನೂ ಹೋಗಿತ್ತು. ಇವರು ಊರೆಲ್ಲ ಹುಡುಕಿ ಕೊನೆಗೆ ವಾರ್ಡಿನ ಬಾಗಿಲಲ್ಲಿ ನಿಂತಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ವಾರ ಕಳೆಯುವುದರೊಳಗೆ ಹೊಸ ಫೋನು ತಂದು, ಆ ಆ್ಯಪನ್ನು ತಾವೇ ಹಾಕಿಕೊಟ್ಟರು. ಅಂದಿನಿಂದ ನಾನೂ ಒಂದು ಚುಕ್ಕಿ.

"ಮೂಲೆ ಅಂಗಡಿ ಹತ್ರ ತುಂಬ ಹೊತ್ತು ನಿಂತಿದ್ದೆ?" ಎಂದು ಸಂಜೆ ಕೇಳುತ್ತಾರೆ. ಸಿಟ್ಟಿಲ್ಲ, ಸಂಶಯವೂ ಇಲ್ಲ. ಚಪ್ಪಲಿ ಬಿಡುತ್ತ, ಹವಾಮಾನ ಕೇಳುವ ದನಿಯಲ್ಲಿ ಕೇಳುತ್ತಾರೆ. ಚಪ್ಪಲಿಯ ಉಂಗುಷ್ಟ ಕಿತ್ತಿತ್ತು ಎನ್ನುತ್ತೇನೆ. ನಿಜವನ್ನೇ ಹೇಳುತ್ತೇನೆ. ನಿಜ ಹೇಳುವಾಗಲೂ ಕಳ್ಳಿಯ ಹಾಗೆ ಉಗುಳು ನುಂಗುವುದು ಯಾಕೆ ಎಂದು ನನಗೇ ಅರ್ಥವಾಗುವುದಿಲ್ಲ. ಮನೆಯಲ್ಲಿ ಕೂತರೂ ಬಾಗಿಲಾಚೆ ಯಾರೋ ನಿಂತ ಹಾಗೆ. ಬಚ್ಚಲಿಗೆ ಹೋಗುವಾಗ ಫೋನನ್ನು ಹಾಸಿಗೆಯ ಮೇಲೆ ಬೋರಲು ಹಾಕಿ ಹೋಗುತ್ತಿದ್ದೆ.

ನಾನು ಕೆಲಸ ಮಾಡುವುದು ಒಂದು ಬಟ್ಟೆ ಅಂಗಡಿಯ ಹಿಂಭಾಗದಲ್ಲಿ, ಟ್ರಯಲ್ ರೂಮಿನ ಪಕ್ಕದ ಹೊಲಿಗೆ ಮೂಲೆಯಲ್ಲಿ. ಗಿರಾಕಿ ಕೊಂಡ ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಅಂಗಿಯ ಬಗಲು ಹಿಡಿಯುವುದು, ಸೊಂಟ ಬಿಡಿಸುವುದು. ಅಂದರೆ ಇನ್ನೊಬ್ಬರು ಹೊಲಿದದ್ದನ್ನು ಬಿಚ್ಚುವುದೇ ನನ್ನ ಉದ್ಯೋಗ. ಇಡೀ ಬಟ್ಟೆಗೆ ಕತ್ತರಿ ಹಾಕಿ, ಏನೂ ಇಲ್ಲದ ಕಡೆ ಒಂದು ತೋಳು, ಒಂದು ಕಾಲರು ಹುಟ್ಟಿಸಿ ಎಷ್ಟು ವರ್ಷವಾಯಿತೋ. ಹೊಳೆಯ ಆಚೆ ದಡದಲ್ಲಿ ನಾಟಕದವರಿಗೆ ಉಡುಪು ಹೊಲಿಯುವ ದೊಡ್ಡ ಹೊಲಿಗೆ ಮನೆಯಿದೆ. ಅದರ ಯಜಮಾನಿ ಒಮ್ಮೆ ನಮ್ಮ ಅಂಗಡಿಗೆ ಬಂದಿದ್ದವರು ನನ್ನ ಕೈಕೆಲಸ ನೋಡಿ, "ನೀವು ಇಲ್ಲಿ ಯಾಕೆ ಕೊಳೀತಿದ್ದೀರಿ?" ಎಂದು ನೇರವಾಗಿ ಕೇಳಿದ್ದರು. ಮೂರು ಮಧ್ಯಾಹ್ನ ಬಂದು ಕೆಲಸ ತೋರಿಸಿ, ಒಪ್ಪಿಗೆಯಾದರೆ ಖಾಯಂ ಎಂದರು. ಆ ರಾತ್ರಿ ನನಗೆ ಕನಸಿನಲ್ಲೆಲ್ಲ ನೆರಿಗೆಗಳು.

ಇವರಿಗೆ ಹೇಳಿದಾಗ ಬೇಡ ಎನ್ನಲಿಲ್ಲ. "ಸೇತುವೆ ಆಚೆನಾ? ಅಷ್ಟು ದೂರ ಯಾಕೆ? ಇಲ್ಲೇನು ಕಡಿಮೆಯಾಗಿದೆ ನಿನಗೆ?" ಎಂದರು. ಇನ್ನೊಮ್ಮೆ ಎತ್ತಿದಾಗ, "ಮತ್ತೆ ತಲೆ ಸುತ್ತಿದ್ರೆ ಯಾರು ನೋಡ್ತಾರೆ ಅಲ್ಲಿ?" ಎಂದರು. ಮೂರನೇ ಸಲ ನಾನೇ ಎತ್ತಲಿಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳಬಹುದು, ದಿಂಬಿಗೆ ಎಷ್ಟು ಚಚ್ಚಿದರೇನು?

ಹಾಗಾಗಿ ಈ ಉಪಾಯ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಮಾಲೀಕರನ್ನು ಕೇಳಿಕೊಂಡು, ಸೂಜಿಯ ಹಿಂಭಾಗದಿಂದ ನನ್ನ ಒಳ್ಳೆಯ ಫೋನಿನ ಸಿಮ್ ತೆಗೆದು ಹಳೆಯದಕ್ಕೆ ಹಾಕುವುದು. ಒಳ್ಳೆಯ ಫೋನು ಮಿಷನ್ನಿನ ಡ್ರಾಯರಿನಲ್ಲಿ ಅಂಗಡಿಯ ವೈಫೈ ಹಿಡಿದುಕೊಂಡು ಮಲಗಿರುತ್ತದೆ, ಚುಕ್ಕಿ ಅಂಗಡಿಯಲ್ಲೇ ಇರುತ್ತದೆ. ಇವರು ಕರೆ ಮಾಡಿದರೆ ಹಳೇ ಫೋನಿನಲ್ಲಿ ನಾನು ಸಿಗುತ್ತೇನೆ. ಯಜಮಾನಿ ಕಳಿಸುವ ಉಡುಪಿನ ಫೋಟೋಗಳನ್ನೂ ಅದರಲ್ಲಿ ನೋಡಬಹುದು. ಬರುವಾಗ ಮತ್ತೆ ಸಿಮ್ ಅದಲುಬದಲು. ನೀರು ಕುಡಿದಷ್ಟು ಸುಲಭ.

ಮೊದಲ ದಿನ ಸೇತುವೆ ದಾಟುವಾಗ ಬೆನ್ನು ಹಗುರಾಗಿ, ಚೀಲವನ್ನೆಲ್ಲೋ ಬಿಟ್ಟು ಬಂದೆನೇನೋ ಎಂದು ಎರಡು ಸಲ ಮುಟ್ಟಿ ನೋಡಿಕೊಂಡೆ. ಹೊಲಿಗೆ ಮನೆಯಲ್ಲಿ ರಾಜನೊಬ್ಬನ ನಿಲುವಂಗಿಗೆ ಕಡುಗೆಂಪು ಮಖಮಲ್ಲು ಹಾಸಿದ್ದರು. ಕತ್ತರಿ ಇಳಿಸಿದಾಗ ಬಂದ ಆ ಸದ್ದು, ಅದನ್ನು ಕೇಳಿ ಕಣ್ಣು ತುಂಬಿತು ಎಂದರೆ ಜನ ನಗುತ್ತಾರೆ. ನಗಲಿ.

ಆಗಲೇ ಫೋನು. ಕತ್ತರಿ ಕೆಳಗಿಟ್ಟು ಎತ್ತಿದೆ.

"ಊಟ ಆಯ್ತಾ?" ಎಂದರು ಇವರು.

"ಆಯ್ತು."

"ಏನೋ ಭರ್ರೋ ಅಂತಿದೆಯಲ್ಲ?"

ನನ್ನ ಸುತ್ತ ಇಪ್ಪತ್ತು ಮಿಷನ್ನುಗಳು ಓಡುತ್ತಿದ್ದವು. "ಫ್ಯಾನು ರೀ. ಬೇರಿಂಗ್ ಹೋಗಿದೆ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಇಷ್ಟು ದಿನ ಎಲ್ಲಿ ಅಡಗಿತ್ತೋ ಎನಿಸಿತು.

ಎರಡನೇ ದಿನವೂ ಕಳೆಯಿತು. ಆ ಸಂಜೆ ಊಟಕ್ಕೆ ಕೂತಾಗ ಇವರು ನಗುತ್ತ ಆಫೀಸಿನ ಸುದ್ದಿ ತೆಗೆದರು. "ಇವತ್ತೊಬ್ಬ ಡ್ರೈವರ್ ಸಿಕ್ಕಿಬಿದ್ದ. ವ್ಯಾನಿನ ಟ್ರ್ಯಾಕರ್ ಕಿತ್ತು ಗೆಳೆಯನ ಮನೇಲಿಟ್ಟು, ತನ್ನ ಬಾಡಿಗೆ ಹೊಡೀತಿದ್ದನಂತೆ."

"ಹೇಗೆ ಗೊತ್ತಾಯ್ತು?"

"ಚುಕ್ಕಿ ನೋಡಿದ್ರೇ ಗೊತ್ತಾಗುತ್ತೆ ಕಣೇ. ಜೀವ ಇರೋ ಚುಕ್ಕಿ ನಿಂತಲ್ಲೂ ಸುಮ್ನಿರಲ್ಲ. ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ಅಲುಗಾಡ್ತಾ ಇರುತ್ತೆ. ಮೊಳೆ ಹೊಡೆದ ಹಾಗೆ ನಿಂತಿದೆ ಅಂದ್ರೆ ಅಲ್ಲಿ ಮನುಷ್ಯ ಇಲ್ಲ ಅಂತ ಲೆಕ್ಕ."

ಅನ್ನ ನೆತ್ತಿಗೇರಿ ಕೆಮ್ಮಿದೆ. ಇವರು ನನ್ನ ಲೋಟಕ್ಕೆ ನೀರು ಬಗ್ಗಿಸಿದರು. "ನಿಧಾನ" ಎಂದು ಬೆನ್ನು ಸವರಿದರು. ಅವರ ಮುಖ ನೋಡಿದೆ. ಅಲ್ಲಿ ಏನೂ ಸಿಗಲಿಲ್ಲ. ಗೊತ್ತಿದ್ದು ಹೇಳಿದರೋ, ಗೊತ್ತಿಲ್ಲದೆ ಹೇಳಿದರೋ? ಕೇಳುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ. ಆ ಅಡುಗೆಮನೆಯಲ್ಲಿ ಮೂವರಿದ್ದೆವು: ಅವರು, ನಾನು, ಊಟದ ಮೇಜಿನ ತುದಿಯಲ್ಲಿ ಬೋರಲಾಗಿದ್ದ ಫೋನು.

ಮೂರನೇ ದಿನ ಅಂಗಡಿಯ ಕ್ಯಾಷಿಯರಮ್ಮನಿಗೆ ಒಳ್ಳೆಯ ಫೋನನ್ನು ಕೊಟ್ಟು ಕೈ ಮುಗಿದೆ. "ಇದನ್ನ ನಿಮ್ಮ ಜೇಬಲ್ಲಿಟ್ಟುಕೊಂಡು ಆಗಾಗ ಓಡಾಡಿ" ಎಂದೆ. ಆಕೆ ಯಾಕೆ ಎಂದು ಕೇಳಲಿಲ್ಲ. "ಚಿಂತೆ ಬಿಡು. ನನಗೆ ಡಾಕ್ಟ್ರು ಓಡಾಡಿ ಅಂತಾನೇ ಹೇಳಿದ್ದಾರೆ" ಎಂದರು. ನನ್ನ ಚುಕ್ಕಿ ಅಂದು ಸೀರೆ ವಿಭಾಗದಿಂದ ಮಕ್ಕಳ ವಿಭಾಗಕ್ಕೆ ದಿಬ್ಬಣದ ಗತ್ತಿನಲ್ಲಿ ಓಡಾಡಿರಬೇಕು.

ಸಂಜೆಗೆ ನಿಲುವಂಗಿ ಮುಗಿಯಿತು. ಯಜಮಾನಿ ಅದನ್ನು ಬೊಂಬೆಗೆ ತೊಡಿಸಿ ಸುತ್ತಲೂ ಒಂದು ಸುತ್ತು ಬಂದರು, ಭುಜದ ಹೊಲಿಗೆಯನ್ನು ಒಳಗಿನಿಂದ ತಡವಿ ನೋಡಿದರು. "ನಾಳೆಯಿಂದಲೇ ಬನ್ನಿ" ಎಂದರು. "ಬೆಳಿಗ್ಗೆಯೇ ಬರಬೇಕು. ನಿಮ್ಮ ಫೋನ್ ಕೊಡಿ."

"ಯಾಕೆ ಮೇಡಂ?"

"ಹಾಜರಿ ಆ್ಯಪು. ಬಾಗಿಲಲ್ಲಿ ನಿಂತು ಮುಖ ತೋರಿಸಬೇಕು, ನೀವು ಇಲ್ಲೇ ಇದ್ದೀರಿ ಅಂತ ಅದೇ ನೋಡ್ಕೊಳ್ಳುತ್ತೆ. ಅದಿಲ್ಲದೆ ಸಂಬಳ ಬರಲ್ಲ. ಎಲ್ಲರಿಗೂ ಅದೇ ನಿಯಮ."

ಹಳೇ ಫೋನು ಕೊಟ್ಟೆ. ಚಕ್ರ ತಿರುಗಿತು. ನನಗೆ ಗೊತ್ತಿತ್ತು. ಆದರೂ ಚಕ್ರದ ಮೇಲೆ ಕಣ್ಣು ನೆಟ್ಟು ನಿಂತೆ. ‘ಈ ಫೋನಿಗೆ ಹೊಂದಿಕೆಯಾಗುವುದಿಲ್ಲ.’

"ಇಷ್ಟು ಹಳೇದು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ?" ಎಂದರು ಯಜಮಾನಿ.

"ಇಟ್ಟುಕೊಂಡಿಲ್ಲ, ಈಗಷ್ಟೇ ಕೊಂಡೆ" ಎಂದೆ. ಅವರು ನಗೆಚಾಟಿಕೆ ಎಂದುಕೊಂಡು ನಕ್ಕರು. "ನಾಳೆ ಬೇರೆ ತನ್ನಿ" ಎಂದರು.

ವಾಪಸು ಬರುವಾಗ ಸೇತುವೆಯ ನಡುವೆ ಕಂಬಿ ಹಿಡಿದು ನಿಂತೆ. ಇನ್ನೊಂದು ಹೊಸ ಫೋನು ಕೊಂಡರಾಯಿತು ಎನ್ನಬಹುದು. ಕೊಂಡು? ಅಂಗಡಿಯ ಕೆಲಸ ಬಿಟ್ಟ ಮೇಲೆ ನನ್ನ ಚುಕ್ಕಿಯನ್ನು ಎಲ್ಲಿ ಬಿಟ್ಟು ಬರಲಿ? ಕ್ಯಾಷಿಯರಮ್ಮ ಎಷ್ಟು ದಿನ ನನ್ನ ಬದಲು ಓಡಾಡಿಯಾರು? ಮೂರು ಮಧ್ಯಾಹ್ನಕ್ಕೆ ಹೊಸೆದ ಉಪಾಯವನ್ನು ಇಡೀ ಬಾಳಿಗೆ ಹೊಲಿದುಕೊಂಡಿದ್ದೆ, ಬಟ್ಟೆ ಸಾಕಾಗುತ್ತದೋ ಇಲ್ಲವೋ ಎಂದು ಅಳೆಯದೆ. ಅಳತೆ ತಪ್ಪುವವರನ್ನು ಕಂಡರೆ ನಾನು ಎಷ್ಟು ಬೈಯುತ್ತೇನೆ. ಆ ಹೊತ್ತಿನಲ್ಲಿ ನನಗೆ ನನ್ನ ಗಂಡನ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದ ಸಿಟ್ಟೇ ದೊಡ್ಡದು. ಈ ದಡದಲ್ಲಿ ಒಬ್ಬರು ನೋಡುತ್ತಾರೆ, ಆ ದಡದಲ್ಲಿ ಇನ್ನೊಬ್ಬರು ನೋಡುತ್ತಾರೆ. ಯಾರೂ ನೋಡದ ಜಾಗ ಎಂದರೆ ಈ ಸೇತುವೆ ಮಾತ್ರ, ಅದೂ ಈ ಮುದಿ ಫೋನು ಕೈಯಲ್ಲಿರುವಷ್ಟು ಹೊತ್ತು. ಸೇತುವೆಯ ಮೇಲೆ ಬದುಕಲಾಗುತ್ತದೆಯೇ?

ಕೈಯಲ್ಲಿದ್ದ ಅದು ಅಷ್ಟರಲ್ಲಿ ಬ್ಯಾಟರಿ ಮುಗಿದು ಕಪ್ಪಾಯಿತು. ಪಾಪ, ಅದರದೇನು ತಪ್ಪು.

ಕ್ಯಾಷಿಯರಮ್ಮನಿಂದ ಒಳ್ಳೆಯ ಫೋನು ಪಡೆದು, ಸಿಮ್ಮನ್ನು ಅದಕ್ಕೆ ಹಾಕಿಕೊಂಡು ಮನೆಗೆ ಬಂದೆ. ಬೆಳಿಗ್ಗೆ ಇವರು ಕೆಲಸಕ್ಕೆ ಹೋದ ಮೇಲೆ ಬಟ್ಟೆ ಅಂಗಡಿಗೆ ಹೋಗಿ ನನ್ನ ಕತ್ತರಿ, ಟೇಪು, ಬೆರಳಿಗೆ ತೊಡುವ ಅಂಗುಸ್ತಾನ ತೆಗೆದುಕೊಂಡು ಮಾಲೀಕರಿಗೆ ಹೇಳಿ ಹೊರಟೆ. ಒಳ್ಳೆಯ ಫೋನನ್ನು ಡ್ರಾಯರಿನಲ್ಲಿ ಬಿಡಲಿಲ್ಲ. ಕೈಯಲ್ಲೇ ಹಿಡಿದುಕೊಂಡೆ.

ಸೇತುವೆಗೆ ಕಾಲಿಟ್ಟು ಹತ್ತು ಮಾರು ಹೋಗಿರಲಿಲ್ಲ, ಅದು ಹೊಡೆದುಕೊಂಡಿತು.

"ಎಲ್ಲಿದ್ದೀಯಾ?"

"ನಿಮ್ಮ ಪರದೆ ಏನು ಹೇಳುತ್ತೆ?"

"ಸೇತುವೆ ಮೇಲೆ ಅಂತ ತೋರಿಸ್ತಿದೆ."

"ಸರಿಯಾಗೇ ತೋರಿಸ್ತಿದೆ."

ಡ್ರೈವರುಗಳಿಗೆ ಹೇಳುವ ಅದೇ ದನಿಯಲ್ಲಿ, "ತಿರುಗಿ ಬಾ" ಎಂದರು.

ಕಾಲು ನಿಂತಿತು. ಅಭ್ಯಾಸದ ಕಾಲು, ಏನು ಮಾಡುವುದು. ಹಿಂದೆ ಬರುತ್ತಿದ್ದವರು ಗೊಣಗುತ್ತ ಸುತ್ತು ಹಾಕಿ ಹೋದರು. ಹಲ್ಲು ಕಚ್ಚಿ ಒಂದು ಹೆಜ್ಜೆ ಎತ್ತಿಟ್ಟೆ, ಮುಂದಕ್ಕೆ.

"ತಿರುಗಲ್ಲ ರೀ. ಆ ಹೊಲಿಗೆ ಮನೇಲಿ ನನಗೆ ಕೆಲಸ ಕೊಟ್ಟಿದ್ದಾರೆ. ಅಲ್ಲಿಗೇ ಹೋಗ್ತಿದ್ದೀನಿ."

"ನಾನು ಬೇಡ ಅಂದಿದ್ದೆನಲ್ಲ."

"ನೀವು ಯಾವತ್ತೂ ಬೇಡ ಅಂದಿಲ್ಲ. ಯಾಕೆ ಅಂತ ಕೇಳ್ತಿದ್ರಿ. ನನಗೆ ಬೇಕು, ಅದಕ್ಕೆ."

"ಏನಾದ್ರೂ ಆದ್ರೆ?" ಈ ಸಲ ದನಿ ಡ್ರೈವರಿಗೆ ಹೇಳುವುದಾಗಿರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದವರದು.

"ಆದ್ರೆ, ಎಲ್ಲಿ ಆಯ್ತು ಅಂತ ನಿಮಗೆ ಗೊತ್ತಿರುತ್ತಲ್ಲ" ಎಂದೆ.

ಅವರು ಫೋನು ಇಡಲಿಲ್ಲ. ಅವರ ಹಿಂದೆ ಕಂಟ್ರೋಲ್ ರೂಮಿನ ಫೋನುಗಳು ಒಂದಾದ ಮೇಲೊಂದು ಹೊಡೆದುಕೊಳ್ಳುತ್ತಿದ್ದವು, ಅವರು ಯಾವುದನ್ನೂ ಎತ್ತುತ್ತಿರಲಿಲ್ಲ. ಊರಿನ ವ್ಯಾನುಗಳೆಲ್ಲ ಆ ಹೊತ್ತು ತಮಗೆ ಬೇಕಾದ ಕಡೆ ಹೋಗಿರಬೇಕು. ಫೋನನ್ನು ಕಿವಿಗೆ ಹಿಡಿದೇ ನಡೆದೆ. ಸೇತುವೆ ಮುಗಿಯಿತು. ಹೊಲಿಗೆ ಮನೆಯ ಬಾಗಿಲಲ್ಲಿ ಯಜಮಾನಿ ಆ ಇನ್ನೊಂದು ಆ್ಯಪನ್ನು ಹಾಕಿಕೊಟ್ಟರು. ಅದು ನನ್ನ ಮುಖ ನೋಡಿತು, ಒಪ್ಪಿಕೊಂಡಿತು. ಕರೆ ಇನ್ನೂ ಕಡಿದಿರಲಿಲ್ಲ.

"ಕೇಳಿಸ್ತಿದೆಯಾ?" ಎಂದೆ.

"ಹೂಂ."

"ಬಂದು ತಲುಪಿದೆ. ಸಂಜೆವರೆಗೂ ಇಲ್ಲೇ ಇರ್ತೀನಿ. ಚುಕ್ಕಿ ನಿಂತಲ್ಲೇ ಸ್ವಲ್ಪ ಸ್ವಲ್ಪ ಅಲುಗಾಡ್ತಾ ಇರುತ್ತೆ. ನೋಡ್ತಾ ಇರಿ."