ಹಿಡಿಯ ಹಳದಿ

ಬಟ್ಟೆಗೆ ಹಳದಿ ಹತ್ತಿದ್ದನ್ನು ಕಂಡು ಮಾಸ್ತಮ್ಮನಿಗೆ ಭಾರೀ ಸಮಾಧಾನವಾಯಿತು. ಅಡಿಗೆಮನೆಯ ಕಬೋರ್ಡಿನ ಹಿಡಿಗಳಲ್ಲಿ ಇಷ್ಟೊಂದು ಅರಿಶಿನ ಕೂತಿದೆಯೆಂದು ಅವಳಿಗೂ ಗೊತ್ತಿರಲಿಲ್ಲ. ಸೊಸೆ ಭವ್ಯಾ ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು, ನಿಜ. ಆದರೆ ಒರೆಸುವುದು ಬೇರೆ, ತಿಕ್ಕುವುದು ಬೇರೆ. ಮಾಸ್ತಮ್ಮ ಹುಣಸೆಹಣ್ಣಿಗೆ ಬಚ್ಚಲೊಲೆಯ ಬೂದಿಯನ್ನು ಇನ್ನಷ್ಟು ಬೆರೆಸಿಕೊಂಡು ಮುಂದಿನ ಹಿಡಿಗೆ ಕೈಹಾಕಿದಳು.

ರಿಪ್ಪನ್‌ಪೇಟೆಯ ಆ ಕೇರಿಯಲ್ಲಿ ಅವಳು ತಿಕ್ಕಿದ ಹಿತ್ತಾಳೆಗೆ ಒಂದು ಹೆಸರಿತ್ತು. ಹಬ್ಬ ಬಂತೆಂದರೆ ಅಕ್ಕಪಕ್ಕದವರು ದೀಪದ ಕಂಬಗಳನ್ನು ಇವಳ ಜಗಲಿಗೇ ತಂದಿಡುವರು. ಇವಳೂ ಸ್ವಲ್ಪ ಬಿಂಕ ಮಾಡಿಯೇ ಒಪ್ಪಿಕೊಳ್ಳುವಳು. ಅಂಥವಳ ಹೊಸ ಅಡಿಗೆಮನೆ ನೋಡಲು ಇವತ್ತು ಭವ್ಯಾಳ ತಾಯಿ ಹೊಸನಗರದಿಂದ ಬರುವವಳಿದ್ದಳು. ಒಗ್ಗರಣೆಯ ಜಿಡ್ಡು ಹತ್ತಿದ ಹಿಡಿಗಳನ್ನು ಬೀಗಿತ್ತಿಯ ಕಣ್ಣಿಗೆ ಬೀಳಿಸುವುದುಂಟೇ?

ಸೊಸೈಟಿಯ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದ ಭವ್ಯಾ ಬಾಗಿಲಲ್ಲೇ ನಿಂತುಬಿಟ್ಟಳು. ಹಿಡಿಗಳೆಲ್ಲ ಊಟದ ಚಮಚದಂತೆ ಬೆಳ್ಳಗಾಗಿದ್ದವು. ಸಿಲಿಂಡರಿನ ಪಕ್ಕ, ಕೆಳಗಿನದೊಂದು ಮಾತ್ರ ಬಂಗಾರದ ಬಣ್ಣದಲ್ಲೇ ಉಳಿದಿತ್ತು. ಶಿವಮೊಗ್ಗದ ಅಂಗಡಿಯಲ್ಲಿ ಗಂಡ ರಾಜೇಂದ್ರನ ಜೊತೆ ಜಗಳವಾಡಿ ಅವಳೇ ಆರಿಸಿದ ಹಿಡಿಗಳವು. ಫೋನಿನಲ್ಲಿ ತಾಯಿಯ ಹತ್ತಿರ ಅಡಿಗೆಮನೆಗಿಂತ ಹೆಚ್ಚು ಅವನ್ನೇ ಹೊಗಳಿಕೊಂಡಿದ್ದಳು.

ಅತ್ತೆಯ ಮುಖ ಶಹಭಾಸ್‌ಗಿರಿಗಾಗಿ ಕಾಯುತ್ತಿತ್ತು. ಅದು ಅರಿಶಿನವಲ್ಲ, ಮೇಲೆ ಕೊಟ್ಟ ಬಣ್ಣ ಎಂದು ಭವ್ಯಾ ಮೆಲ್ಲಗೆ ಹೇಳಿದಳು.

ಮಾಸ್ತಮ್ಮ ಕೈಯಲ್ಲಿದ್ದ ಬಟ್ಟೆ ನೋಡಿದಳು, ಉಳಿದೊಂದು ಹಿಡಿಯನ್ನು ನೋಡಿದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಕೇರಿಗೆಲ್ಲ ಹಿತ್ತಾಳೆ ತಿಕ್ಕಿಕೊಡುವವಳಿಗೆ ಯಾವುದು ಅರಿಶಿನ, ಯಾವುದು ಬಣ್ಣ ಎಂದು ಗೊತ್ತಾಗಲಿಲ್ಲವಲ್ಲ. ಇನ್ನು ಬೀಗಿತ್ತಿಯೆದುರು ತಲೆಯೆತ್ತುವುದು ಹೇಗೆ? ಭವ್ಯಾಳ ಕಣ್ಣೂ ತುಂಬಿತ್ತು. ಆದರೂ ದನಿ ಏರಿಸಲಿಲ್ಲ. ಅಂಗಡಿಯವನು ಕಳಪೆ ಮಾಲು ಕೊಟ್ಟ, ಬಣ್ಣ ತಾನಾಗಿಯೇ ಹೋಯಿತು ಎಂದು ತಾಯಿಗೆ ಹೇಳುವುದಾಗಿ ಅತ್ತೆಗೆ ಧೈರ್ಯ ತುಂಬಿದಳು.

"ನೀವೆಂತ ಮಾತಾಡ್ಬೇಡಿ ಅತ್ತೆ. ನಾ ನೋಡ್ಕಳ್ತೀನಿ."

ಹುಣಸೆಹಣ್ಣಿನ ಬಟ್ಟಲನ್ನು ಎತ್ತಿಡುವಷ್ಟರಲ್ಲಿ ಭವ್ಯಾಳ ತಾಯಿ ಬಂದೇಬಿಟ್ಟಳು. ಕಾಫಿ ಕುಡಿದವಳೇ ನೇರ ಅಡಿಗೆಮನೆಗೆ ನಡೆದಳು. ಕಬೋರ್ಡುಗಳನ್ನು ತೆಗೆದು ಮುಚ್ಚಿ ನೋಡಿ ಮೆಚ್ಚಿಕೊಂಡಳು. ಆಮೇಲೆ, ಹಿಡಿ ಬಂಗಾರದ ಬಣ್ಣದ್ದು ಎಂದಿದ್ದೆಯಲ್ಲ, ಎಂದು ಮಗಳನ್ನು ಕೇಳಿದಳು. ಭವ್ಯಾ ಅಂಗಡಿಯವನ ಸುದ್ದಿ ತೆಗೆದಳು.

"ಅಂಗ್ಡಿಯೋನು ಸರಿಯಾಗೇ ಕೊಟ್ಟಿದ್ದ," ಎಂದಳು ಮಾಸ್ತಮ್ಮ. ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಿದ್ದಳು. "ಅರಿಶಿನ ಅಂದ್ಕಂಡು ಬಣ್ಣನೆಲ್ಲ ತಿಕ್ಕಿ ತೆಗ್ದೋಳು ನಾನು. ನನ್ ಕೈಕೆಲ್ಸಕ್ಕೆ ನನ್ ಸೊಸೆ ಸುಳ್ಳು ಹೇಳೋದು ಬ್ಯಾಡ."

ಭವ್ಯಾಳ ತಾಯಿ ಇಬ್ಬರ ಮುಖವನ್ನೂ ನೋಡಿದಳು. ಕೊನೆಗೆ, ಕೆಳಗಿನದೊಂದು ಚೆನ್ನಾಗಿದೆ, ಅಂಗಡಿಯಲ್ಲಿ ಅದನ್ನೇ ತೋರಿಸಿ ಉಳಿದವನ್ನು ತರಿಸಿಕೊಳ್ಳಿ ಎಂದು ಸಲಹೆ ಕೊಟ್ಟಳು.

ಭವ್ಯಾ ಅತ್ತೆಯನ್ನೇ ನೋಡುತ್ತಿದ್ದಳು. ಈ ಹೆಂಗಸಿನ ಸೊಸೆ ಎನ್ನಿಸಿಕೊಳ್ಳುವುದು ಇಷ್ಟು ದೊಡ್ಡ ಹೆಮ್ಮೆಯೆಂದು ಅವಳಿಗೆ ಇವತ್ತಿನವರೆಗೂ ಅನ್ನಿಸಿರಲಿಲ್ಲ. ವೇಲನ್ನು ಸೊಂಟಕ್ಕೆ ಬಿಗಿದು ಸಿಲಿಂಡರಿನ ಪಕ್ಕ, ಉಳಿದಿದ್ದ ಆ ಒಂದು ಹಿಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಬೂದಿ ಎಷ್ಟು ಹಾಕ್ಬೇಕು ಅತ್ತೆ?"

ಮಾಸ್ತಮ್ಮ ಎತ್ತಿಟ್ಟಿದ್ದ ಹುಣಸೆಹಣ್ಣಿನ ಬಟ್ಟಲನ್ನು ತಂದು ಅವಳ ಮುಂದೆ ಸರಿಸಿದಳು. ತಾಯಿ ನೋಡುತ್ತಿದ್ದಂತೆಯೇ ಆ ಕೊನೆಯ ಹಿಡಿಯನ್ನೂ ತಿಕ್ಕುತ್ತ ಭವ್ಯಾಳ ಬೆರಳುಗಳು ಒಂದೊಂದಾಗಿ ಹಳದಿಯಾದವು.