ಬೋರಯ್ಯನ ಡಬ್ಬಿಂಗು

"ಕೆಂಪು ದೀಪ ಹಾಕು," ಎಂದ ಸಿದ್ದಾರ್ಥ.

"ರೆಕಾರ್ಡು?"

"ದೀಪ ಸಾಕು."

ಅನಿತ ಅವನನ್ನೇ ನೋಡಿದಳು. ಈ ಸ್ಟುಡಿಯೋದಲ್ಲಿ ಸೌಂಡಿನ ಕೆಲಸ ಅವಳದು. ಕಥೆ, ನಿರ್ದೇಶನ, ಸುಳ್ಳು ಅವನದು.

ಗಾಜಿನಾಚೆ, ಸದ್ದು ಮರುದನಿಸದಂತೆ ಗೋಡೆಗೆ ಮೊಟ್ಟೆಯ ಟ್ರೇ ಬಡಿದ ಕೋಣೆಯಲ್ಲಿ ಬೋರಯ್ಯ ಚಪ್ಪಲಿ ಬಿಟ್ಟು ಮೈಕಿಗೆ ಎದುರಾಗಿ ನಿಂತಿದ್ದ. ಬಿಂಡಿಗನವಿಲೆಯ ಕುರಿಗಾರ, ಇವರ ವೆಬ್ ಸರಣಿಯಲ್ಲಿ ಅಜ್ಜ. ಬೆಳಿಗ್ಗೆ ಬಸ್ಸು ಬದಲಾಯಿಸಿಕೊಂಡು ಪಾಂಡವಪುರಕ್ಕೆ ಬಂದವನು ಬಾಗಿಲಲ್ಲೇ ಹೇಳಿದ್ದ: "ಎಂಟು ದಿನದಿಂದ ಮಜ್ಜಿಗೆ ಮುಟ್ಟಿಲ್ಲ ಕಣಪ್ಪ. ಬೀಡಿನೂ ಬುಟ್ಬುಟ್ಟೆ. ಗಂಟ್ಲು ಈಗ ಗಂಟೆ ಆಗೈತೆ."

ಬಾ ಎಂದಿದ್ದವನು ಸಿದ್ದಾರ್ಥನೇ, ಎರಡು ತಿಂಗಳ ಹಿಂದೆ. ಬೇಡ ಎನ್ನಲು ಮರೆತವನೂ ಅವನೇ. ಶೂಟಿಂಗಿನಲ್ಲಿ ಗಾಳಿ ನುಗ್ಗಿ ಮಾತು ಕೆಟ್ಟಿತ್ತು. ಮುದುಕನಿಂದ ಮತ್ತೆ ಹೇಳಿಸಲು ವಾರ ಹಿಡಿದೀತೆಂದು, ಮೊನ್ನೆ ಅವನ ಎಂಟೂ ಕಂತಿನ ಮಾತನ್ನು ಅವನದೇ ದನಿ ಅನುಕರಿಸಿ ಸಿದ್ದಾರ್ಥ ತಾನೇ ಹೇಳಿ ಮುಗಿಸಿದ್ದ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿದವನಿಗೆ ಇದೇನು ಮಹಾ. ಎಂ.ಎ.ಯಲ್ಲಿ ಧ್ವನಿ ಸಿದ್ಧಾಂತಕ್ಕೆ ಎಪ್ಪತ್ತೆರಡು ಅಂಕ ಬೇರೆ.

ಕಂತುಗಳು ನಿನ್ನೆಯೇ ಬೆಂಗಳೂರಿನ ಓಟಿಟಿ ಕಂಪನಿಗೆ ಹೋಗಿದ್ದವು. 'ಅಜ್ಜನ ವಾಯ್ಸ್ ಸೂಪರ್' ಎಂದು ಉತ್ತರವೂ ಬಂದಿತ್ತು.

"ಹೇಳ್ಬುಡು," ಎಂದಳು ಅನಿತ.

"ಒಂದು ಗಂಟೆ ಮಾತಾಡ್ಲಿ. ಖುಷಿಯಾಗಿ ಊರಿಗೆ ಹೋಗ್ತಾನೆ."

"ಮೊಬೈಲಲ್ಲಿ ನೋಡುದಾಗ?"

"ತನ್ನ ದನಿ ಯಾರಿಗೆ ತಾನೇ ಗೊತ್ತಿರುತ್ತೆ?"

ಮಾತು ಚೆನ್ನಾಗಿತ್ತು. ಅವನ ಮಾತುಗಳು ಯಾವಾಗಲೂ ಚೆನ್ನಾಗಿರುತ್ತಿದ್ದವು.

ನಾಲ್ಕು ದೃಶ್ಯ ಕಳೆದವು. ಸಿದ್ದಾರ್ಥ ಮೊಬೈಲು ನೋಡುತ್ತ ಆಗಾಗ ಗಾಜಿಗೆ ಹೆಬ್ಬೆರಳು ತೋರಿಸುತ್ತಿದ್ದ. ಐದನೆಯದರಲ್ಲಿ ಅಜ್ಜ ಕುರಿಮಂದೆಯನ್ನು ಮಾರಿ ಕಳಿಸುತ್ತಾನೆ. ಪರದೆಯಲ್ಲಿ ಬೆನ್ನು ಮಾತ್ರ ಕಾಣುವುದರಿಂದ ಮಾತು ತುಟಿಗೆ ಕೂಡಬೇಕೆಂಬ ಹಂಗಿಲ್ಲ. 'ನನ್ನ ಬಾಳೇ ಬರಿದಾಯ್ತು' ಎಂದು ಬರೆದಿದ್ದ ಸಿದ್ದಾರ್ಥ, ಮೊನ್ನೆ ಅದಕ್ಕೊಂದು ಬಿಕ್ಕಳಿಕೆಯನ್ನೂ ಅಂಟಿಸಿದ್ದ.

ಬೋರಯ್ಯ ಬರೆದ ಮಾತನ್ನು ಬಿಟ್ಟು ಪರದೆಯ ಕುರಿಗಳತ್ತ ಬಾಗಿದ. ಆಮೇಲೆ, ನಗುತ್ತಿರುವವನಂತೆ:

"ಓಗ್ರವ್ವ, ಓಗಿ. ತಿರುಗಿ ನೋಡ್ಬ್ಯಾಡಿ. ನೀವು ನೋಡುದ್ರೆ ನಾನೂ ನೋಡ್ಬೇಕಾಯ್ತದೆ."

ಕುರಿ ಅಟ್ಟುವ 'ಟರ್ರ್' ನಾಲಿಗೆಯಲ್ಲಿ ಹೊರಟು ನಡುವೆಯೇ ನಿಂತುಹೋಯಿತು.

ಅನಿತ ಹೆಡ್‌ಫೋನ್ ತೆಗೆದಿಟ್ಟಳು. ದನಿಯ ಅಲೆ ಏಳಬೇಕಾಗಿದ್ದ ಗೆರೆ ಕಂಪ್ಯೂಟರಿನಲ್ಲಿ ನೆಟ್ಟಗೆ ಮಲಗಿತ್ತು. ಸಿದ್ದಾರ್ಥ ಕೈ ಚಾಚಿ ರೆಕಾರ್ಡ್ ಗುಂಡಿ ಒತ್ತಿದ.

"ತಾತ, ಇನ್ನೊಂದ್ಸಲ. ಅದನ್ನೇ."

"ಯಾಕಪ್ಪ, ಚೆಂದಾಗ್ ಬರ್ಲಿಲ್ವಾ?"

"ಬಂತು. ಸುಮ್ನೆ, ಸೇಫ್ಟಿಗೆ."

ಬೋರಯ್ಯ ಹೇಳಿದ. ಪದಗಳೆಲ್ಲ ಇದ್ದವು, ಹಾಜರಿ ಪುಸ್ತಕದಲ್ಲಿರುವಂತೆ. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಪಾಪ, ಬಿಕ್ಕಳಿಸಿಯೂ ನೋಡಿದ. ಈಗ ಅವನು ಸಿದ್ದಾರ್ಥನಂತೆ ಅಳುತ್ತಿದ್ದ.

"ಬತ್ತಾ ಇಲ್ಲ ಕಣಪ್ಪ. ಆಗ ನಮ್ಮ ಕುಂಟು ಕುರಿ ಕಣ್ಮುಂದೆ ಬಂದ್ಬುಟ್ಟಿತ್ತು. ಈಗ ಕೂಗುದ್ರೂ ಬತ್ತಿಲ್ಲ. ಮೊದ್ಲುದ್ನೇ ಮಡೀಕೊ." ಗಾಜಿಗೆ ಮುಖವಿಟ್ಟು ಕೇಳಿದ, "ಅದು ಐತಲ್ಲ?"

"ಇದೆ," ಎಂದ ಸಿದ್ದಾರ್ಥ.

ಅನಿತ ಎದ್ದು ಹೊರಗೆ ಹೋದಳು.

ಬಸ್‌ಸ್ಟ್ಯಾಂಡಿನವರೆಗೆ ಸಿದ್ದಾರ್ಥನೇ ಬೈಕಿನಲ್ಲಿ ಬಿಟ್ಟ. ಬೋರಯ್ಯ ಎಂಟು ದಿನದ ನಂತರದ ಮೊದಲ ಬೀಡಿ ಹಚ್ಚಿದ.

"ಊರೋರ್ಗೆಲ್ಲ ಹೇಳಿವ್ನಿ ಕಣ್ಲಾ. ಅದೇನೋ ಬಣ್ಣ ಬಳ್ದು ಮಖ ಕೆಡ್ಸಿದ್ರಲ್ಲ, ಅದು ನಾನೇ ಅಂತ ಎಂಡ್ರೂ ನಂಬಾಕಿಲ್ಲ. ದನಿ ಅಂಗಲ್ಲ. ಮೊಬೈಲು ಇಡ್ಕೊಂಡು ಹಟ್ಟಿ ಮುಂದೆ ನಿಂತ್ರೆ ಕುರಿ ಕಿವಿ ಎತ್ತುತ್ವೆ, ನೋಡ್ತಿರು."

ಸಿದ್ದಾರ್ಥ ಹೇಳಿಬಿಡಬೇಕೆಂದುಕೊಂಡ. ಬಾಯಿ ತೆರೆದ. "ತಾತ, ಒಂದು ತಪ್ಪಾಗೈತೆ..."

ಬಂದದ್ದು ಬೋರಯ್ಯನ ದನಿ.

ಮುದುಕ ಹೊಗೆ ನೆತ್ತಿಗೇರಿ ಕೆಮ್ಮುತ್ತ ನಕ್ಕ. "ಎಲಾ ಇವ್ನ! ನನ್ನಂಗೇ ಅಂತೀಯಲ್ಲೋ ಕಳ್ಳ! ಅನ್ನು, ಇನ್ನೊಂದ್ಸಲ ಅನ್ನು!"

ನಾಗಮಂಗಲದ ಬಸ್ಸು ಬಂತು. ಬೋರಯ್ಯ ನಗುತ್ತಲೇ ಹತ್ತಿದ.

ಅವನು ಕುಳಿತ ಕಿಟಕಿಯ ಗಾಜು ಸಿಕ್ಕಿಕೊಂಡಿತ್ತು. ಎಷ್ಟು ಎಳೆದರೂ ಸರಿಯಲಿಲ್ಲ. ಅದರ ಹಿಂದಿನಿಂದಲೇ ಏನೋ ಹೇಳತೊಡಗಿದ. ಇಂಜಿನ್ನಿನ ಗದ್ದಲದಲ್ಲಿ ಬಾಯಿ ಮಾತ್ರ ಕಾಣುತ್ತಿತ್ತು: ತೆರೆಯಿತು, ಮುಚ್ಚಿತು, ತೆರೆಯಿತು. ಕೆಳಗೆ ನಿಂತಿದ್ದ ಸಿದ್ದಾರ್ಥನ ತುಟಿಗಳು ತಾವಾಗಿಯೇ ಆ ಬಾಯಿಗೆ ಕೂಡಿಕೊಂಡು ಆಡತೊಡಗಿದವು, ಎಲ್ಲೂ ತಪ್ಪದೆ, ಸದ್ದಿಲ್ಲದೆ, ಬಸ್ಸು ಹೊರಟ ಮೇಲೂ.